ನೆಲದ ಕೆಳಗಿನ ಆಕಾಶ

ಪ್ರೀತಿಯ ಅತ್ತಿಗೆ,

ಫೋನಿನಲ್ಲಿ ಹೊಗಳಲು ಹೋದರೆ ನೀವು "ಒಲೆ ಮೇಲೆ ಹಾಲಿದೆ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಇದನ್ನು ಓದದೆ ವಿಧಿಯಿಲ್ಲ.

ಮುರಿದ ಕಾಲಿನ ಮೂಳೆ ಕೂಡಿದೆ, ಇನ್ನು ಕಾಲೂರಬಹುದು ಎಂದು ಡಾಕ್ಟರು ಹೇಳಿದರೂ ನನ್ನ ಮಗಳು ಹೆದರಿ ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಮಲಗಿದ್ದಳಲ್ಲ, ಆಗ ಮನೆಯ ಆಸೆ ಹುಟ್ಟಿದರೆ ಎದ್ದಾಳು ಎಂದು ನಾನು ಲ್ಯಾಪ್‌ಟಾಪಿನಲ್ಲಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಕ್ಯೂಬ್‌ಗಳನ್ನು ಜೋಡಿಸಿ ನಮ್ಮ ಮನೆ, ಹಿತ್ತಲು ಕಟ್ಟಿದೆ. ಗೋಡೆಯ, ಮಣ್ಣಿನ ಫೋಟೋ ತೆಗೆದು ಕ್ಯೂಬ್‌ಗಳ ಮೈಗೆ ಅಂಟಿಸಿದೆ. ಅದರೊಳಗೆ ನಡೆಯಲು ಅವಳು ಕೀ ಒತ್ತಿದರೆ ಮನೆ ಆಮೆಯಂತೆ ತೆವಳಿತು. "ಇಲ್ಲೂ ನಡೆಯೋಕಾಗಲ್ಲ ಅಪ್ಪಾ" ಎಂದು ಲ್ಯಾಪ್‌ಟಾಪ್ ತಳ್ಳಿದಳು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನು ಪೈಥಾನೇ ನಿಧಾನ ಎಂದೆ. ಅವಳನ್ನು ನೋಡಲು ಬಂದಿದ್ದ ನೀವು ಹಾಸಿಗೆಯ ತುದಿಯಲ್ಲಿ ಕೂತು, ಕನ್ನಡಕ ಮೂಗಿಗೇರಿಸಿ, ನನ್ನ ಕೋಡ್ ಓದಿ ನಕ್ಕಿರಿ. "ಅಲ್ಲಪ್ಪಾ, ಗೋಡೆಯೊಳಗೆ ಹುದುಗಿರೋ ಇಟ್ಟಿಗೆಗೂ ಯಾರಾದ್ರೂ ಸುಣ್ಣ ಹೊಡೀತಾರಾ? ಕ್ಯೂಬಿನ ಕಾಣೋ ಮುಖ ಮಾತ್ರ ಬಿಡಿಸು. ಒಂದೊಂದು ಕ್ಯೂಬಿಗೂ ಚಿತ್ರ ಬಿಡಿಸೋ ಗ್ರಾಫಿಕ್ಸ್ ಕಾರ್ಡಿನ ಬಾಗಿಲು ತಟ್ಟಿದ್ರೆ ಅದಾದ್ರೂ ಏನ್ಮಾಡುತ್ತೆ?" ಫೋಟೋಗಳನ್ನೆಲ್ಲ ಒಂದೇ ದೊಡ್ಡ ಚಿತ್ರದಲ್ಲಿ ಹೊಂದಿಸಿದಿರಿ, ಮುಖಗಳನ್ನೆಲ್ಲ ಗಂಟು ಕಟ್ಟಿ ಒಮ್ಮೆಗೇ ಆ ಕಾರ್ಡಿಗೆ ಕಳಿಸಿದಿರಿ. ಮನೆ ನೀರು ಹರಿದಂತೆ ಚಲಿಸಿತು. ಅತ್ತಿಗೆ, ಇಷ್ಟು ಬುದ್ಧಿಯನ್ನು ಇಷ್ಟು ಹಗುರವಾಗಿ ಹೊತ್ತವರನ್ನು ನಾನು ಬೇರೆ ಕಂಡಿಲ್ಲ.

ಆಮೇಲೆ ಅವಳು ಆ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ಕಂಬದ ಪಕ್ಕ ಅಗೆದಳು. ಒಂದು ಕ್ಯೂಬ್ ತೆಗೆದಳೋ ಇಲ್ಲವೋ, ಕೆಳಗೆ ಮಣ್ಣಿನ ಬದಲು ನೀಲಿ ಬಯಲು. ಕಾಣದವೆಂದು ಬಿಟ್ಟ ಮುಖಗಳು ಈಗ ಕಾಣಬೇಕಿತ್ತು; ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. "ದೊಡ್ಡಮ್ಮಾ, ನೆಲದ ಕೆಳಗೆ ಆಕಾಶ ಇದೆ" ಎಂದು ಅವಳು ನಕ್ಕಳು, ಎಷ್ಟೋ ದಿನಗಳ ಮೇಲೆ. ಕ್ಯೂಬ್ ತೆಗೆದಾಗ ಅದರ ಅಕ್ಕಪಕ್ಕದ, ಕೆಳಗಿನ ಮುಖಗಳನ್ನಷ್ಟೇ ಹೊಸದಾಗಿ ಬಿಡಿಸುವಂತೆ ನೀವು ಸರಿಮಾಡಿದಿರಿ. ಆದರೆ ಅವಳು ಬೇಡಿದಳೆಂದು ಆ ಮೊದಲ ಗುಂಡಿಯನ್ನು ಹಾಗೇ ಬಿಟ್ಟಿರಿ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೂ ಸಹಿಸದ ನೀವು, ಒಂದು ತಪ್ಪನ್ನು ಬೇಕೆಂದೇ ಉಳಿಸಿದ್ದು ಅದೇ ಮೊದಲಿರಬೇಕು.

ನಿನ್ನೆ ಮನೆಗೆ ಬಂದೆವು. ಬಾಗಿಲಲ್ಲಿ ಗಾಲಿಕುರ್ಚಿಯಿಂದ ಅವಳೇ ಎದ್ದಳು. ವಾಕರ್ ಹಿಡಿದು, ಒಂದೇ ಕಾಲಲ್ಲಿ ಕುಂಟುತ್ತ, ಅಡುಗೆಮನೆ ದಾಟಿ ನೇರ ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಇದ್ದೆ. ಬಟ್ಟೆ ಒಣಹಾಕುವ ಕಂಬದ ಪಕ್ಕ ನಿಂತು, ಅಲ್ಲಿಯವರೆಗೆ ಎತ್ತಿಹಿಡಿದಿದ್ದ ಕಾಲನ್ನು ಮೆಲ್ಲಗೆ ಮಣ್ಣಿಗೂರಿದಳು.

"ಇಲ್ಲೇ ಅಲ್ವಾ ಅಪ್ಪಾ ಆಕಾಶ ಇದ್ದಿದ್ದು? ಈಗ ಗಟ್ಟಿ ಇದೆ."

ಭಾನುವಾರ ಬನ್ನಿ, ಹಾಲು ನಾನೇ ಕಾಯಿಸುತ್ತೇನೆ. ಅವಳ ಕಾಲಿಗೆ ನಿಮ್ಮ ಆಶೀರ್ವಾದವಿರಲಿ, ನಿಮ್ಮ ಕಣ್ಣು ಕೈಗಳು ನೂರು ವರ್ಷ ಚೆನ್ನಾಗಿರಲಿ.

ನಿಮ್ಮ ಮೈದುನ