ಒಂದು ಚೀಟಿಗೆ ಒಂದೇ ಕಾಯಿಲೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಿಮ್ಮ ಹೊರರೋಗಿ ವಿಭಾಗದ ಕಿಟಕಿಯ ಮೇಲೆ ‘ಒಂದು ಚೀಟಿಗೆ ಒಂದೇ ಕಾಯಿಲೆ’ ಎಂಬ ಫಲಕವಿದೆ. ಅದನ್ನು ನಂಬಿ ನಾನು ನನ್ನ ಅಕ್ಕನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಆ ಫಲಕ ಇಳಿಸಿ ಎಂದು ಖಾಸಗಿಯಾಗಿ ಬರೆದ ಎರಡು ಪತ್ರಗಳು ತಮ್ಮ ಕಚೇರಿಯಲ್ಲಿ ಹಾಯಾಗಿ ಮಲಗಿರಬೇಕು. ಹಾಗಾಗಿ ಇದು ಎಲ್ಲರೂ ಓದುವ ಪತ್ರ.

ನಾನು ದರ್ಜಿ. ಅಕ್ಕ ನನ್ನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದವಳು. ಅವಳು ಬಾಯಿ ತೆರೆದರೆ ಸಾಕು, ಗಿರಾಕಿಗಳು ಅಳತೆ ತೆಗೆಯಲೂ ಬಿಡದೆ ನಗುತ್ತಿದ್ದರು. ಈಗ ಅವಳಿಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಬೆರಳುಗಳನ್ನು ಸೊಟ್ಟಗಾಗಿಸಿದ ಕೀಲುವಾತ. ನಿಮ್ಮ ಪ್ರಕಾರ ಮೂರು ಚೀಟಿ, ಮೂರು ದಿನ, ಮೂವರು ಅಕ್ಕಂದಿರು. ಸಕ್ಕರೆಯವರು ದಿನಾ ನಡೆಯಿರಿ ಎಂದರು, ಕೀಲಿನವರು ನಡೆಯಲೇಬೇಡಿ ಎಂದರು. ಕೀಲಿನವರು ಬರೆದ ನೋವಿನ ಮಾತ್ರೆಯ ಮೇಲೆ ಮೂತ್ರಪಿಂಡದವರು ಕೆಂಪು ಗೀಟು ಎಳೆದರು. ನೋವು ಮಾತ್ರ ಯಾರ ಗೀಟಿಗೂ ಸಿಗದೆ ಅವಳಲ್ಲೇ ಉಳಿಯಿತು. ಭುಜವನ್ನು ಮನೆಯಲ್ಲಿಟ್ಟು ತೋಳಿನ ಅಳತೆ ಕೊಡಲು ಬಂದ ಗಿರಾಕಿಯನ್ನು ನಾನಂತೂ ಕಂಡಿಲ್ಲ. ತಾವು ಕಂಡಿದ್ದೀರಾ?

ಒಂದು ಸೋಮವಾರ ಕೀಲಿನ ಕೋಣೆಯಲ್ಲಿ ಅಕ್ಕ ಹೇಳಿಯೇಬಿಟ್ಟಳು: “ಡಾಕ್ಟ್ರೇ, ನಂಗೆ ಬದುಕೋದೇ ಬೇಡ ಅನ್ನಿಸ್ತಿದೆ.”

ವೈದ್ಯರು ತಲೆ ಎತ್ತಲಿಲ್ಲ. ಹೊರಗೆ ಎಪ್ಪತ್ತು ಮಂದಿ ಕಾಯುತ್ತಿದ್ದರು, ಅವರೊಬ್ಬರನ್ನೇ ದೂರಲಾರೆ. “ಇದು ಕೀಲಿನ ಚೀಟಿ ಅಮ್ಮಾ. ಅದಕ್ಕೆ ಬೇರೆ ಚೀಟಿ ಮಾಡಿಸ್ಕೊಳ್ಳಿ.”

ಕಿಟಕಿಗೆ ಹೋದೆವು. ಮನೋವೈದ್ಯರ ಚೀಟಿಗೆ ಸಂಬಂಧಪಟ್ಟ ವಿಭಾಗದ ಶಿಫಾರಸು ಬೇಕಂತೆ. ಯಾವ ವಿಭಾಗದ್ದು ಸ್ವಾಮಿ? ಸಾಯಬೇಕೆನಿಸುವುದು ಮೂತ್ರಪಿಂಡಕ್ಕೋ, ಮೊಣಕಾಲಿಗೋ?

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮುಂದಿನ ಸರದಿಗೆ ಹೋಗುವಾಗ ಬಸ್ಸಿನಲ್ಲಿ ನಾನೇ ಅವಳಿಗೆ ಪಾಠ ಮಾಡಿದೆ: “ಅಕ್ಕಾ, ಇವತ್ತು ಕಿಡ್ನಿ ವಿಷ್ಯ ಬಿಟ್ಟು ಬೇರೇನೂ ಎತ್ಬೇಡ. ಸುಮ್ನೆ ವಾಪಸ್ ಕಳಿಸ್ತಾರೆ.”

“ಸರಿ ಬಿಡೋ. ಇನ್ಮೇಲೆ ಎತ್ತಲ್ಲ,” ಎಂದಳು.

ಮಾತಿಗೆ ತಪ್ಪಲಿಲ್ಲ. ಮನೆಯಲ್ಲೂ ಎತ್ತಲಿಲ್ಲ. ಸುಧಾರಿಸಿಕೊಂಡಳೆಂದು ನಾನು ನೆಮ್ಮದಿಯಾಗಿ ಮಿಷನ್ ತುಳಿಯುತ್ತಿದ್ದೆ. ಹದಿನೆಂಟನೆಯ ದಿನ ಪಕ್ಕದ ಮನೆಯಾಕೆಗೆ ಅನುಮಾನ ಬಂದು ಬಾಗಿಲು ತಳ್ಳದಿದ್ದರೆ ಅಕ್ಕ ಉಳಿಯುತ್ತಿರಲಿಲ್ಲ.

ತುರ್ತು ವಾರ್ಡಿನಲ್ಲಿ ಯಾರೂ ಚೀಟಿ ಕೇಳಲಿಲ್ಲ. ಆ ಸೌಲಭ್ಯ ಪಡೆಯಲು ಅವಳು ಎಲ್ಲಿಯವರೆಗೆ ಹೋಗಬೇಕಾಯಿತು, ನೋಡಿ. ಮೂರನೆಯ ದಿನ ಒಬ್ಬ ನರ್ಸ್ ಸ್ಟೂಲು ಎಳೆದುಕೊಂಡು ಕೂತು ಕೇಳಿದರು: “ಎಷ್ಟು ದಿನದಿಂದ ಹೀಗನ್ನಿಸ್ತಿದೆ ಅಕ್ಕಾ?”

“ಒಂದೊಂದೇ ಆಗಿದ್ರೆ ಹೇಗೋ ತಡ್ಕೊತಿದ್ದೆ ಕಣಮ್ಮಾ. ಮೂರೂ ಒಬ್ಬಳಿಗೇ ಬಂದಿರೋದು ಯಾರಿಗೂ ಕಾಣಿಸ್ಲೇ ಇಲ್ಲ.”

ನಾನು ಹೊರಗೆ ಹೋಗಿ ಅತ್ತೆ.

ಈಗ ಮನೋವೈದ್ಯರ ಚೀಟಿಯೂ ಸಿಕ್ಕಿದೆ. ಶಿಫಾರಸು ಮಾಡಿದ್ದು ತುರ್ತು ವಾರ್ಡು! ದಿನಾ ಬೆಳಿಗ್ಗೆ ಆ ನರ್ಸ್ ಹಾಗೆಯೇ ಪಕ್ಕದಲ್ಲಿ ಕೂತು, ಇವತ್ತೂ ಹಾಗನ್ನಿಸುತ್ತಿದೆಯೇ ಎಂದು ನಾನೂ ಅಕ್ಕನನ್ನು ಕೇಳುತ್ತೇನೆ. ಒಮ್ಮೊಮ್ಮೆ “ಇವತ್ತೂ ಅನ್ನಿಸ್ತಿದೆ ಕಣೋ” ಎನ್ನುತ್ತಾಳೆ. ಅಂದು ನಾನು ಅಂಗಡಿ ತೆರೆಯುವುದಿಲ್ಲ, ಅವಳ ಪಕ್ಕದಲ್ಲೇ ಕೂರುತ್ತೇನೆ.

ಆ ಫಲಕ ಇಳಿಸಿ. ಹಲವು ಕಾಯಿಲೆ ಹೊತ್ತವರ ಕಡತಗಳನ್ನು ಒಂದೇ ಮೇಜಿಗೆ ತನ್ನಿ. ಬದುಕು ಬೇಡವೆನಿಸುತ್ತಿದೆಯೇ ಎಂದು ಪ್ರತಿ ಕೋಣೆಯಲ್ಲೂ ಕೇಳಿಸಿ. ಹೌದೆಂದವರನ್ನು ಕಿಟಕಿಗೆ ಅಟ್ಟಬೇಡಿ, ಮನೋವೈದ್ಯರ ಬಳಿಗೆ ಯಾರಾದರೂ ಜೊತೆಯಲ್ಲೇ ಕರೆದೊಯ್ಯಲಿ. ಕೂತು ಕೇಳಲು ಸ್ಟೂಲು ಸಾಲದಿದ್ದರೆ ತಿಳಿಸಿ, ಅಕ್ಕ ಕೂತು ಕಾಜಾ ಹೊಲಿಯುತ್ತಿದ್ದ ಸ್ಟೂಲು ಅಂಗಡಿಯಲ್ಲಿ ಖಾಲಿ ಬಿದ್ದಿದೆ.

ಇಂತಿ,
ನಿಮ್ಮ ಫಲಕವನ್ನು ಚಾಚೂ ತಪ್ಪದೆ ಪಾಲಿಸಿ ಅಕ್ಕನ ಬಾಯಿ ಮುಚ್ಚಿಸಿದ ತಮ್ಮ