ಗೋಧಿ ಹೊಲದ ಹಳದಿ ಪಟ್ಟೆಗಳು

ಅಮ್ಮಾ,

ಗೋಧಿ ಹೊಲದ ಹಳದಿ ಪಟ್ಟೆ ಕಂಡಾಗಲೆಲ್ಲ “ಬೀಜ ಹಾಕೋಕೂ ಬರಲ್ಲ ನಿಮ್ಮಪ್ಪಂಗೆ” ಅಂತೀಯಲ್ಲ, ಇನ್ನು ಹಾಗನ್ನಬೇಡ. ನಿನ್ನೆ ನಮ್ಮ ಪುರಾತತ್ವ ಸಮೀಕ್ಷೆಯ ವಿಮಾನದಿಂದ ಫೋಟೊ ತೆಗೆದೆ. ಆ ಪಟ್ಟೆಗಳು ಗೋಡೆಗಳಮ್ಮಾ! ನಮ್ಮ ಹೊಲದಡಿ ಬೀದಿ, ಮನೆಗಳ ಸಮೇತ ಪುರಾತನ ಊರೊಂದು ಹೂತುಹೋಗಿದೆ. ಬೇರು ಗೋಡೆಯ ಕಲ್ಲಿಗೆ ತಾಗಿದಲ್ಲಿ ಪೈರು ಬೇಗ ಒಣಗುತ್ತದೆ, ಅಷ್ಟೆ. ನಗುವುದನ್ನೇ ಮರೆತಿದ್ದ ನಮ್ಮ ಪ್ರೊಫೆಸರ್ ಮೇಜು ಬಡಿದು ಕುಣಿದುಬಿಟ್ಟರು.

ಭಾನುವಾರ ಮತ್ತೆ ಹಾರುತ್ತೇವೆ. ಅಲ್ಲಿಯವರೆಗೆ ನೀರು ಹಾಯಿಸಬೇಡಿ. ಹೊಲ ಹಸಿರಾದರೆ ಊರು ಮಾಯ.

ಫೋಟೊ ಜೊತೆಗಿಟ್ಟಿದ್ದೇನೆ. ಭೂತಗನ್ನಡಿ ಹಿಡಿದು ನೋಡು: ಯಾರದೋ ಮನೆಯ ನಡುಕೋಣೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತವಳು ನೀನು. ಬಾಗಿಲಾಚೆ ತಲೆ ತಗ್ಗಿಸಿ ನಿಂತವರು ಅಪ್ಪ. ಎಷ್ಟೋ ಶತಮಾನಗಳ ಮೇಲೆ ಆ ಮನೆಯಲ್ಲಿ ಮತ್ತೆ ಸಂಸಾರದ ಸದ್ದು!

ಅಪ್ಪನ ವಕಾಲತ್ತು ವಹಿಸಿರುವ
ನಿನ್ನ ಮಗಳು