ಒಂದಕ್ಷರವೂ ತಪ್ಪದ ಓದು

ಪಾಠ ಹೇಗೆ ನಡೆಯಬೇಕೆಂದು ಸುತ್ತೋಲೆ ಹೊರಡಿಸುವ ಮಾನ್ಯರೇ,

ನಿಮ್ಮ ಶಾಲೆಗಳಲ್ಲಿ ಓದು ಕಲಿಸುವುದು ಕನ್ನಡ ಪಿರಿಯಡ್ಡಿನ ಗಂಟೆಯೊಂದಿಗೇ ಮುಗಿಯುತ್ತದೆ. ಆಮೇಲೆ ಬರುವ ವಿಜ್ಞಾನ, ಗಣಿತ, ಸಮಾಜದ ಪುಸ್ತಕಗಳನ್ನು ಮಕ್ಕಳು ಕೂಗಿ ಓದುತ್ತಾರೆ, ಪ್ರಶ್ನೋತ್ತರ ಬರೆದುಕೊಳ್ಳುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಓದಿದ್ದರಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಇದೇ ನನ್ನ ತಕರಾರು. ಅಂಕಪಟ್ಟಿ ನೋಡಿ ಬೆನ್ನು ತಟ್ಟಿಕೊಳ್ಳುವ ತಮಗೆ ಇದು ಕೊಂಕು ಅನಿಸಬಹುದು. ಆದ್ದರಿಂದ ಕುಲಗೋಡದ ನಮ್ಮ ಓಣಿಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ನಮ್ಮಲ್ಲಿ ಶ್ರಾವಣದ ಪುರಾಣಕ್ಕೆ ಇಬ್ಬರು ಬೇಕು. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕುರಿ ಸಾಕುವ ಮಾಯಪ್ಪನ ಮಗಳು, ಹತ್ತನೆಯ ತರಗತಿಯ ಅರ್ಚನಾ, ಈ ಸಲ ಓದಿದಳು. ಎಲ್ಲೂ ತಡವರಿಸಲಿಲ್ಲ, ಮುದುಕಿಯರು ದೃಷ್ಟಿ ತೆಗೆದರು. ಹೀಗಾಗಿ ಕುರಿಮರಿಗಳಿಗೆ ಹೇನು ಹತ್ತಿದಾಗ ತಂದ ಔಷಧದ ಬಾಟಲಿಯನ್ನು ಮನೆಯವರು ಅವಳ ಕೈಗೇ ಕೊಟ್ಟರು. "ನೀರಿನಲ್ಲಿ ಸಾರರಿಕ್ತಗೊಳಿಸಿ ಬಾಹ್ಯಲೇಪನಕ್ಕೆ ಮಾತ್ರ ಉಪಯೋಗಿಸತಕ್ಕದ್ದು" ಎಂದು ಅವಳು ಪುರಾಣದ ರಾಗದಲ್ಲೇ ಓದಿದಳು. ಅರ್ಥ ಹೇಳುವವರು ಅಲ್ಲಿರಲಿಲ್ಲ. ಮಾಯಪ್ಪ ಭಕ್ತಿಯಿಂದ ತಲೆಯಾಡಿಸಿ, ಔಷಧವೆಂದರೆ ಬಾಯಿಗೆ ಎಂಬ ರೂಢಿಯಂತೆ, ಬಿದಿರಿನ ಗೊಟ್ಟದಲ್ಲಿ ಮರಿಗಳಿಗೆ ಕುಡಿಸಿದ. ಹೊತ್ತು ಇಳಿಯುವುದರೊಳಗೆ ಮರಿಗಳು ಒಂದಾದ ಮೇಲೊಂದು ಸತ್ತವು.

'ಸಾರರಿಕ್ತ' ಎಂಬ ಮಾತು ಅವಳ ವಿಜ್ಞಾನ ಪುಸ್ತಕದ ಆಮ್ಲಗಳ ಪಾಠದಲ್ಲೇ ಇದೆ. ಆ ಪಾಠದ ಕಿರುಪರೀಕ್ಷೆಯಲ್ಲಿ ಅವಳಿಗೆ ಪೂರ್ಣ ಅಂಕ! ನೀರು ಬೆರೆಸಿ ತೆಳುಮಾಡುವುದು ಎಂದು ತಿಳಿಸಲು ಎಷ್ಟು ಹೊತ್ತು ಬೇಕಿತ್ತು? ವಿಜ್ಞಾನದ ಮಾಸ್ತರರನ್ನು ಕೇಳಿದೆ. ಶಬ್ದದ ಅರ್ಥ ಕನ್ನಡದವರು ಹೇಳಬೇಕು, ತಮಗೆ ಪೋರ್ಶನ್ ಮುಗಿಸುವ ಗಡಿಬಿಡಿ ಎಂದರು. ಕನ್ನಡದವರು, ಆಮ್ಲ ತಮ್ಮ ವಿಷಯವಲ್ಲ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಜಗಳ ಬಗೆಹರಿಸಬೇಕಾದ ತಾವು ಓದಿನ ಕಾರ್ಯಕ್ರಮ ಮಾಡಿ ಅದರ ಫೋಟೊ ಕಳಿಸಿರೆಂದು ಆದೇಶಿಸುತ್ತೀರಿ.

ಮಾಯಪ್ಪ ಮಗಳನ್ನು ಬೈಯಲಿಲ್ಲ. "ಇಷ್ಟ್ ವರ್ಷ ಸಾಲಿಗೆ ಯಾಕ ಕಳಿಸಿದ್ನೋ ತಿಳೀವಲ್ದು. ದಸರಾ ಸೂಟಿ ಮುಗದ ಮ್ಯಾಲ ಆಕಿ ಕುರಿ ಹಿಂದ ಬರ್ಲಿ ಬಿಡ್ರಿ" ಎಂದು ನನಗೆ ಹೇಳಿದ. ಅರ್ಚನಾ ಕಣ್ಣೊರೆಸಿಕೊಳ್ಳುತ್ತ, "ಕಾಕಾ, ನಾ ಒಂದಕ್ಷರಾನೂ ತಪ್ಪ ಓದಿಲ್ರಿ" ಎಂದಳು. ಅವಳು ಹೇಳಿದ್ದು ಖರೆ.

ಪ್ರತಿ ವಿಷಯದ ಶಿಕ್ಷಕರೂ ತಮ್ಮ ಪುಸ್ತಕವನ್ನು ಓದಿಸಲಿ. ಓದಿದ್ದನ್ನು ಮಕ್ಕಳ ಮನೆಮಾತಿನಲ್ಲಿ ಹೇಳಿಸಲಿ. ಅದಕ್ಕೆ ತರಬೇತಿ ಕೊಡಿ, ಸಮಯ ಕೊಡಿ, ಪೋರ್ಶನ್ ಒಂದಿಷ್ಟು ಉಳಿದರೆ ಉಳಿಯಲಿ. ಈ ಆದೇಶ ದಸರಾ ರಜೆ ಮುಗಿಯುವ ಮೊದಲೇ ಬರಬೇಕು. ಆಗದಿದ್ದರೆ ತಾವೇ ಬಂದು, ತಾನು ಮಾಡಿದ ತಪ್ಪೇನೆಂದು ಆ ಹುಡುಗಿಗೆ ತಿಳಿಸಿ ಹೇಳಿ. ನನಗೆ ಹೇಳಲು ಬರಲಿಲ್ಲ.

ಇಂತಿ,
ತಮ್ಮ ಸುತ್ತೋಲೆಗಳನ್ನು ಓದಬಲ್ಲ, ತಿಳಿಯಲಾರದ
ಮಾಯಪ್ಪನ ಬಾಜೂ ಮನೆಯ ವೀರಪ್ಪ
ಕುಲಗೋಡ